ಯಾವ ಗ್ರಹಕ್ಕೆ ಇಳಿಯಬೇಕು? ಬಾಹ್ಯಾಕಾಶದಲ್ಲಿ ಬದುಕುಳಿಯುವ ಆಟಗಳ ಹೋಲಿಕೆ

ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ವರ್ಷವಿಡೀ ಬರುವ ಪ್ರಶ್ನೆಗಳು ಒಂದು ತರಹದವು, ಪರೀಕ್ಷೆ ಮುಗಿದ ಮರುದಿನ ಬರುವವು ಇನ್ನೊಂದು ತರಹದವು. ‘ಮೇಡಂ, ನೋ ಮ್ಯಾನ್ಸ್ ಸ್ಕೈ ಕೊಳ್ಳಲೇ, ಸಬ್‌ನಾಟಿಕಾ ಕೊಳ್ಳಲೇ?’ ‘ಆಸ್ಟ್ರೊನೀರ್ ಸಣ್ಣ ಮಕ್ಕಳ ಆಟವಂತೆ, ನಿಜವೇ ಮೇಡಂ?’ ನಾನು ಈ ಆಟಗಳನ್ನು ಆಡುತ್ತೇನೆಂದು ಅವರಿಗೆ ಗೊತ್ತು. ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡು, ಬಸ್ಸಿನ ಚಿಲ್ಲರೆ ಎಲ್ಲ ಕೂಡಿಟ್ಟು ರಜೆಗೊಂದು ಆಟ ಕೊಳ್ಳುವ ಮಕ್ಕಳು ಇವರು. ಆಯ್ಕೆ ತಪ್ಪಿದರೆ ಇಡೀ ಬೇಸಿಗೆ ಹಾಳು. ಕಾರಿಡಾರಿನಲ್ಲಿ ನಿಂತು ಎರಡು ಮಾತಿನಲ್ಲಿ ಹೇಳುವ ಉತ್ತರ ಸಾಲದೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ನೀರು ಬರುವ ದಿನ ಮನೆಗೆ ಹನ್ನೆರಡು ಕೊಡ ಸಿಗುತ್ತಿತ್ತು. ಕುಡಿಯಲು, ಅಡುಗೆಗೆ ಐದು, ಎಮ್ಮೆಗೆ ನಾಲ್ಕು, ಕೈಕಾಲು ಮುಖಕ್ಕೆ ಎರಡು. ಹನ್ನೆರಡನೆಯದನ್ನು ಅಮ್ಮ ತಟ್ಟೆ ಮುಚ್ಚಿಟ್ಟು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಬದುಕುಳಿಯುವ ಆಟ ಎಂದರೆ ಆ ಹನ್ನೆರಡನೆಯ ಕೊಡದ ಲೆಕ್ಕ. ಉಸಿರು ಎಷ್ಟಿದೆ, ನೀರು ಎಷ್ಟಿದೆ, ಇಂಧನ ಎಷ್ಟಿದೆ, ಮರಳಿ ಬರುವಷ್ಟು ಉಳಿಸಿಕೊಂಡಿದ್ದೇನೆಯೇ? ಮಾರಾಟದ ಪುಟದ ಚಿತ್ರಗಳಲ್ಲಿ ಈ ಆಟಗಳೆಲ್ಲ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ: ಒಬ್ಬ ಒಂಟಿ ಯಾತ್ರಿ, ಕೆಟ್ಟು ನಿಂತ ನೌಕೆ, ಅಪರಿಚಿತ ಆಕಾಶ. ಒಳಗೆ ಹೋದರೆ ಒಂದೊಂದು ನಿಮ್ಮಿಂದ ಒಂದೊಂದು ಲೆಕ್ಕ ಹಾಕಿಸುತ್ತದೆ. ಕೆಲವು ಹತ್ತು ಗಂಟೆಗೆ ಆ ಲೆಕ್ಕವನ್ನು ಬಿಟ್ಟುಬಿಡುತ್ತವೆ, ಕೆಲವು ಕೊನೆಯವರೆಗೂ ಬಿಡುವುದಿಲ್ಲ. ನಾನು ಮೊದಲು ನೋಡುವುದು ಇದನ್ನು, ಚಿತ್ರದ ಚೆಂದವನ್ನು ಆಮೇಲೆ.

ಹೆಚ್ಚು ಜನ ಕೇಳುವ ನೋ ಮ್ಯಾನ್ಸ್ ಸ್ಕೈಯಿಂದಲೇ ಶುರು ಮಾಡುತ್ತೇನೆ. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಹೆಲೋ ಗೇಮ್ಸ್ ಎಂಬ ಸಣ್ಣ ತಂಡ ಇದನ್ನು 2016ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿತು. ಇದರಲ್ಲಿರುವ ಗ್ರಹಗಳ ಸಂಖ್ಯೆ 2ರ 64ನೆಯ ಘಾತ; ನಮ್ಮ ಲೆಕ್ಕದಲ್ಲಿ ಸುಮಾರು 1.84 ಲಕ್ಷ ಕೋಟಿ ಕೋಟಿ. ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಅರವತ್ನಾಲ್ಕು ಮನೆಗಳನ್ನೂ ತುಂಬಿಸುವ ಹಳೆಯ ಕಥೆ ಗೊತ್ತಲ್ಲ, ಆ ಕಾಳುಗಳ ಮೊತ್ತಕ್ಕಿಂತ ಸರಿಯಾಗಿ ಒಂದು ಹೆಚ್ಚು. ಸೆಕೆಂಡಿಗೊಂದರಂತೆ ನೋಡಿದರೂ ಎಲ್ಲವನ್ನೂ ನೋಡಿ ಮುಗಿಸಲು 58 ಸಾವಿರ ಕೋಟಿ ವರ್ಷ ಬೇಕು. ಇಷ್ಟೆಲ್ಲ ಗ್ರಹಗಳು ಯಾವ ಡಿಸ್ಕ್‌ನಲ್ಲಿ ಹಿಡಿಸುತ್ತವೆ ಎಂದು ಮಕ್ಕಳು ಕೇಳುತ್ತಾರೆ. ಎಲ್ಲೂ ಹಿಡಿಸಬೇಕಾಗಿಲ್ಲ. ಚುಕ್ಕಿ ರಂಗೋಲಿಯನ್ನು ನೆನೆಸಿಕೊಳ್ಳಿ. ಚುಕ್ಕಿಗಳ ಸಂಖ್ಯೆ ಮತ್ತು ಎಳೆ ಎಳೆಯುವ ನಿಯಮ ಗೊತ್ತಿದ್ದರೆ ಯಾವ ಮನೆಯ ಅಂಗಳದಲ್ಲಿ ಬಿಡಿಸಿದರೂ ಅದೇ ರಂಗೋಲಿ ಬರುತ್ತದೆ. ಅಳಿಸಿಹೋಯಿತೆಂದು ಯಾರೂ ಅಳುವುದಿಲ್ಲ. ಇಲ್ಲೂ ಪ್ರತಿ ಗ್ರಹಕ್ಕೆ ಒಂದು ಸಂಖ್ಯೆ ಇದೆ. ನೀವು ಹತ್ತಿರ ಹೋದಾಗ ಆ ಸಂಖ್ಯೆಯಿಂದ ಬೆಟ್ಟ, ಗಿಡ, ಪ್ರಾಣಿ, ಆಕಾಶದ ಬಣ್ಣ ಎಲ್ಲವೂ ಸೂತ್ರದ ಪ್ರಕಾರ ಆ ಕ್ಷಣಕ್ಕೆ ಮೂಡುತ್ತವೆ.

ಆಟಗಾರರು ಇದನ್ನು ಸ್ವೀಕರಿಸಿದ ಬಗೆಯನ್ನು ತಿಳಿಯದೆ ಕೊಳ್ಳಬಾರದು, ಯಾಕೆಂದರೆ ನೀವು ಓದುವ ವಿಮರ್ಶೆಗಳಲ್ಲಿ ಅರ್ಧದಷ್ಟು ಈಗ ಇಲ್ಲದ ಆಟವೊಂದರ ಬಗ್ಗೆ ಇವೆ. 2013ರ ಡಿಸೆಂಬರ್‌ನಲ್ಲಿ ಮೊದಲ ತುಣುಕು ತೋರಿಸಿದಾಗಲೇ ಜನ ಹುಚ್ಚೆದ್ದಿದ್ದರು. ತಂಡದ ಮುಖ್ಯಸ್ಥ ಷಾನ್ ಮರ್ರೇ ಸಂದರ್ಶನಗಳಲ್ಲಿ ಹೇಳಿದ ಹಲವು ಸಂಗತಿಗಳು ಬಿಡುಗಡೆಯ ದಿನ ಆಟದಲ್ಲಿ ಇರಲಿಲ್ಲ. ಮೊದಲ ದಿನಗಳಲ್ಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತರು, ಒಬ್ಬರಿಗೊಬ್ಬರು ಕಾಣಲಿಲ್ಲ. ಕಂಪ್ಯೂಟರಿನಲ್ಲಿ ಒಂದೇ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಆಡುತ್ತಿದ್ದ ಆಟವನ್ನು ಕೆಲವೇ ವಾರಗಳಲ್ಲಿ ಬಹುಪಾಲು ಜನ ಬಿಟ್ಟುಹೋದರು. ದೂರು ಬ್ರಿಟನ್ನಿನ ಜಾಹೀರಾತು ನಿಗಾ ಸಂಸ್ಥೆಯವರೆಗೂ ಹೋಯಿತು, ಜಾಹೀರಾತು ದಾರಿ ತಪ್ಪಿಸುವಂತಿಲ್ಲ ಎಂದು ಅದು ಅದೇ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಬೈಗುಳ ಮಾತ್ರ ನಿಲ್ಲಲಿಲ್ಲ.

ಆ ತಂಡ ಆಮೇಲೆ ಮಾಡಿದ ಕೆಲಸವನ್ನು ನಾನು ತುಂಬ ಗೌರವಿಸುತ್ತೇನೆ. ಅವರು ಮಾತು ನಿಲ್ಲಿಸಿ ಕೆಲಸಕ್ಕೆ ಕುಳಿತರು. 2016ರ ನವೆಂಬರ್‌ನಲ್ಲಿ ಮನೆ ಕಟ್ಟುವ ಸೌಲಭ್ಯ ಬಂತು. 2018ರ ಜುಲೈಯಲ್ಲಿ ಬಂದ ‘ನೆಕ್ಸ್ಟ್’ ಅಪ್‌ಡೇಟ್‌ನಿಂದ ಗೆಳೆಯರು ನಿಜವಾಗಿ ಒಟ್ಟಿಗೆ ಆಡುವಂತಾಯಿತು. 2019ರಲ್ಲಿ ‘ಬಿಯಾಂಡ್’, 2020ರಲ್ಲಿ ‘ಒರಿಜಿನ್ಸ್’, 2024ರ ಜುಲೈಯಲ್ಲಿ ನೀರು ಮತ್ತು ಮೋಡಗಳ ರೂಪವನ್ನೇ ಬದಲಿಸಿದ ‘ವರ್ಲ್ಡ್ಸ್’ನ ಮೊದಲ ಭಾಗ. ಹೀಗೆ ಬಂದ ಹತ್ತಾರು ಅಪ್‌ಡೇಟ್‌ಗಳಿಗೆ ಒಂದು ರೂಪಾಯಿಯನ್ನೂ ಕೇಳಲಿಲ್ಲ. 2020ರ ದಿ ಗೇಮ್ ಅವಾರ್ಡ್ಸ್‌ನಲ್ಲಿ, ಬಿಡುಗಡೆಯಾದ ಮೇಲೂ ಬೆಳೆಯುತ್ತಿರುವ ಆಟಗಳಿಗೆ ಕೊಡುವ ಪ್ರಶಸ್ತಿ ಇದಕ್ಕೇ ಬಂತು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಒಮ್ಮೆ ಕೆಟ್ಟದಾಗಿದ್ದ ಕೊಂಡವರ ಒಟ್ಟು ಅಭಿಪ್ರಾಯ 2024ರ ಕೊನೆಯ ಹೊತ್ತಿಗೆ ‘ಬಹಳ ಚೆನ್ನಾಗಿದೆ’ ಎಂಬ ಮಟ್ಟಕ್ಕೆ ಏರಿತ್ತು. ಆದ್ದರಿಂದ ವಿಮರ್ಶೆ ಓದುವಾಗ ಮೊದಲು ತಾರೀಖು ನೋಡಿ.

ಈಗಿನ ಆಟ ಹೇಗಿದೆ? ಬಿಸಿಯಲ್ಲೋ ವಿಷಗಾಳಿಯಲ್ಲೋ ಕಣ್ಣು ಬಿಡುತ್ತೀರಿ. ರಕ್ಷಾಕವಚಕ್ಕೆ ಸೋಡಿಯಂ ಬೇಕು, ಉಸಿರಿಗೆ ಆಮ್ಲಜನಕ ಬೇಕು, ನೌಕೆಯನ್ನು ಮೇಲೆತ್ತಲು ಇಂಧನ ಬೇಕು. ಮೊದಲ ಒಂದೆರಡು ಗಂಟೆ ನಿಜಕ್ಕೂ ಹನ್ನೆರಡನೆಯ ಕೊಡದ ಲೆಕ್ಕವೇ. ಬಿರುಗಾಳಿ ಎದ್ದಾಗ ನೆಲ ಕೊರೆದು ಗುಹೆ ಮಾಡಿಕೊಂಡು ಕುಳಿತ ಆ ರಾತ್ರಿ ನನಗೆ ಇನ್ನೂ ನೆನಪಿದೆ. ಆದರೆ ಹತ್ತನೆಯ ಗಂಟೆಯ ಹೊತ್ತಿಗೆ ಚೀಲದಲ್ಲಿ ಸೋಡಿಯಂ ರಾಶಿ ಬಿದ್ದಿರುತ್ತದೆ. ಅಲ್ಲಿಂದ ಮುಂದೆ ಇದು ಅಲೆಮಾರಿಯ ಆಟ: ತಿರುಗು, ನೋಡು, ಹೆಸರಿಡು, ಮನೆ ಕಟ್ಟು, ವ್ಯಾಪಾರ ಮಾಡು. ಅಲೆಯುವುದೇ ಸುಖ ಎನ್ನುವವರಿಗೆ ಇದಕ್ಕಿಂತ ದೊಡ್ಡ ಬಯಲು ಇನ್ನೊಂದಿಲ್ಲ. ಉಳಿದವರ ಅಸಮಾಧಾನವೂ ನ್ಯಾಯವಾದದ್ದೇ. ಮೂವತ್ತು ಗ್ರಹ ನೋಡಿದ ಮೇಲೆ ಮೂವತ್ತೊಂದನೆಯದರಲ್ಲಿ ಹಳೆಯ ಗಿಡದ ಕಾಂಡ, ಹಳೆಯ ಪ್ರಾಣಿಯ ಕಾಲು ಗುರುತು ಸಿಗುತ್ತವೆ. ಸಾಮಾನುಗಳನ್ನು ಚೀಲದಿಂದ ಚೀಲಕ್ಕೆ ಜೋಡಿಸುವುದರಲ್ಲೇ ಸಂಜೆ ಕಳೆಯುತ್ತದೆ. ಚನ್ನಗಿರಿ ಕಡೆಯ ಶಾಂತಿಸಾಗರದ ದಂಡೆಯಲ್ಲಿ ನಿಂತರೆ ಕಣ್ಣು ಹಾಯುವವರೆಗೂ ನೀರು; ಚಿತ್ರದುರ್ಗದ ಕೋಟೆಯೊಳಗಿನ ಹೊಂಡದ ಮೆಟ್ಟಿಲಿನಲ್ಲಿ ನಿಂತರೆ ನೀರು ಕೈಯಳತೆಯ ಅಗಲ, ಇಣುಕಿದರೆ ಎದೆ ಝಲ್ಲೆನ್ನುತ್ತದೆ. ನೋ ಮ್ಯಾನ್ಸ್ ಸ್ಕೈ ಕೆರೆ. ನಿಮಗೆ ಹೊಂಡ ಬೇಕಿದ್ದರೆ ಮುಂದಿನದನ್ನು ಓದಿ.

ಅದಕ್ಕೆ ಮೊದಲು ಒಂದು ಉಪಾಯ. 2022ರ ಅಕ್ಟೋಬರ್‌ನ ‘ವೇಪಾಯಿಂಟ್’ ಅಪ್‌ಡೇಟ್ ಬಂದ ಮೇಲೆ ಈ ಆಟದ ಕಷ್ಟವನ್ನು ಬಿಡಿಬಿಡಿಯಾಗಿ ಹೊಂದಿಸಿಕೊಳ್ಳಬಹುದು. ಲೆಕ್ಕ ಬೇಗ ಮುಗಿಯಬಾರದು ಎನ್ನುವವರು ವಾತಾವರಣದ ಅಪಾಯವನ್ನೂ ವಸ್ತುಗಳ ಕೊರತೆಯನ್ನೂ ಹೆಚ್ಚಿಸಿಕೊಂಡು ಶುರು ಮಾಡಲಿ. ನಾನು ಎರಡನೆಯ ಸಲ ಹಾಗೆ ಆಡಿದೆ, ಆಟ ಬೇರೆಯದೇ ಆಯಿತು.

ಸಬ್‌ನಾಟಿಕಾದಲ್ಲಿ ಒಂದೇ ಗ್ರಹ ಇದೆ, ಅದೂ ಪೂರ್ತಿ ನೀರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಅನ್‌ನೋನ್ ವರ್ಲ್ಡ್ಸ್ ತಂಡದ್ದು. ಅರೋರಾ ಎಂಬ ದೊಡ್ಡ ನೌಕೆ ಒಡೆದು 4546ಬಿ ಎಂಬ ಗ್ರಹದ ಸಮುದ್ರಕ್ಕೆ ಬೀಳುತ್ತದೆ. ನೀವು ಸಣ್ಣದೊಂದು ಪಾರುಕೋಶದಲ್ಲಿ ತೇಲುತ್ತಿರುತ್ತೀರಿ, ದೂರದಲ್ಲಿ ಆ ನೌಕೆ ಉರಿಯುತ್ತಿರುತ್ತದೆ. ಬಾಹ್ಯಾಕಾಶದ ಆಟ ಎಂದು ಹೇಳಿ ಸಮುದ್ರಕ್ಕೆ ತಳ್ಳಿದರೆಂದು ಬೇಸರ ಬೇಡ. ಅಪರಿಚಿತ ಲೋಕಕ್ಕೆ ಬಂದು ಬಿದ್ದಿದ್ದೇನೆ ಎಂಬ ನಡುಕ ಇಲ್ಲಿರುವಷ್ಟು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲಿ ಎಣಿಸಬೇಕಾದದ್ದು ಉಸಿರನ್ನು. ಸಿಲಿಂಡರ್ ಇಲ್ಲದೆ 45 ಸೆಕೆಂಡ್, ಮೊದಲ ಸಿಲಿಂಡರ್ ಮಾಡಿಕೊಂಡರೆ 75. ಕೆಳಗೆ ಬಂಡೆಯ ಸಂದಿಯಲ್ಲಿ ಬೇಕಾದ ಲೋಹ ಹೊಳೆಯುತ್ತಿರುತ್ತದೆ, ಮೂವತ್ತು ಸೆಕೆಂಡ್ ಉಳಿದಿದೆ ಎಂದು ಧ್ವನಿ ಎಚ್ಚರಿಸುತ್ತದೆ. ಇಳಿದಷ್ಟೇ ದೂರ ಏರಬೇಕು ಎಂಬುದನ್ನು ಮರೆತವರು ಅಲ್ಲೇ ಉಳಿಯುತ್ತಾರೆ. ನೂರು ಮೀಟರ್‌ಗಿಂತ ಆಳಕ್ಕೆ ಹೋದರೆ ಸರಿಯಾದ ಮುಖವಾಡವಿಲ್ಲದೆ ಉಸಿರು ಇನ್ನೂ ಬೇಗ ತೀರುತ್ತದೆ. ನನಗೆ ಇನ್ನಷ್ಟು ಹಿಡಿಸಿದ್ದು ಕುಡಿಯುವ ನೀರಿನ ಲೆಕ್ಕ. ಸುತ್ತ ಕೊನೆಯಿಲ್ಲದ ನೀರು, ಒಂದು ಗುಟುಕಿಗೂ ಬಾರದು. ಬ್ಲ್ಯಾಡರ್‌ಫಿಶ್ ಎಂಬ ಮೀನನ್ನು ಹಿಡಿದು ಅದರಿಂದ ನೀರು ಸೋಸಿಕೊಳ್ಳಬೇಕು, ಇಲ್ಲವೇ ಉಪ್ಪು ಮತ್ತು ಹವಳದ ತುಂಡಿನಿಂದ ಬ್ಲೀಚ್ ಮಾಡಿ ನೀರನ್ನು ಶುದ್ಧಗೊಳಿಸಬೇಕು. ನಾನು ಆಡುವಾಗ ಹಿಂದೆ ಕುಳಿತಿದ್ದ ಅಮ್ಮ, ‘ಎರಡು ಬಾಟಲಿ ತೆಗೆದಿಟ್ಟು ಆಮೇಲೆ ದೂರ ಹೋಗು’ ಎಂದರು. ಆಟದ ನಿಯಮ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಸಮುದ್ರ ಸೂತ್ರದಿಂದ ಹುಟ್ಟಿದ್ದಲ್ಲ. ಪ್ರತಿ ಗುಹೆಯನ್ನೂ ಪ್ರತಿ ಇಳಿಜಾರನ್ನೂ ಮನುಷ್ಯರು ಕೂತು ರೂಪಿಸಿದ್ದಾರೆ. ಹಾಗಾಗಿ ಕೆಲವೇ ಕಿಲೋಮೀಟರ್ ಅಗಲದ ಜಾಗ ಮೂವತ್ತು ನಲವತ್ತು ಗಂಟೆ ಹಿಡಿದಿಡುತ್ತದೆ. ಕೈಯಲ್ಲಿ ಬಂದೂಕು ಎಂಬುದು ಇಲ್ಲ. 2012ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ನಡೆದ ಗುಂಡಿನ ದಾಳಿಯ ನಂತರ, ಜಗತ್ತಿಗೆ ಇನ್ನೊಂದಿಷ್ಟು ಬಂದೂಕು ಸೇರಿಸುವುದು ಬೇಡವೆಂದು ನಿರ್ದೇಶಕ ಚಾರ್ಲಿ ಕ್ಲೀವ್‌ಲ್ಯಾಂಡ್ ತೀರ್ಮಾನಿಸಿದ್ದರು. ದೈತ್ಯ ಪ್ರಾಣಿ ಎದುರಾದರೆ ಅಡಗಬೇಕು, ಓಡಬೇಕು, ಬುದ್ಧಿ ಓಡಿಸಬೇಕು. ಭಯ ದುಪ್ಪಟ್ಟಾಗುವುದು ಇದರಿಂದಲೇ. ಆಳ ನೀರಿನ ಹೆದರಿಕೆ ಇರುವವರಿಗೆ ಈ ಆಟವನ್ನು ನಾನು ಒತ್ತಾಯಿಸುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ರೀಪರ್ ಎಂಬ ಪ್ರಾಣಿಯ ಕೂಗು ಕೇಳಿ ಹೆಡ್‌ಫೋನ್ ಕಿತ್ತಿಟ್ಟವರು ಮತ್ತೆ ಆಡಲಿಲ್ಲ.

ಆಟಗಾರರು ಇದನ್ನು ಕಂಡ ದಾರಿಯೂ ನೋ ಮ್ಯಾನ್ಸ್ ಸ್ಕೈಗೆ ತದ್ವಿರುದ್ಧ. ಮುಗಿಯದ ಸ್ಥಿತಿಯಲ್ಲೇ 2014ರ ಡಿಸೆಂಬರ್‌ನಲ್ಲಿ ಮಾರಾಟಕ್ಕಿಟ್ಟು, ಆಡುವವರು ಆಟದೊಳಗಿನಿಂದಲೇ ಅಭಿಪ್ರಾಯ ಕಳಿಸುವಂತೆ ಮಾಡಿ, ಮೂರು ವರ್ಷ ತಿದ್ದಿ, 2018ರ ಜನವರಿಯಲ್ಲಿ ಪೂರ್ತಿಗೊಳಿಸಿದರು. ಬಿಡುಗಡೆಯ ದಿನ ಯಾರಿಗೂ ಆಘಾತವಾಗಲಿಲ್ಲ, ಕೊಳ್ಳುವವರಿಗೆ ತಾವು ಏನು ಕೊಳ್ಳುತ್ತಿದ್ದೇವೆಂದು ಗೊತ್ತಿತ್ತು. ದೂರುಗಳಿಲ್ಲವೆಂದಲ್ಲ. ನಿಧಾನದ ಹಾರ್ಡ್ ಡಿಸ್ಕ್ ಇದ್ದರೆ ಕಣ್ಣೆದುರಿನ ಬೆಟ್ಟ ತಡವಾಗಿ ಮೂಡುತ್ತದೆ, ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇದ್ದರೆ ವಾಸಿ. ಇನ್ನೊಂದು ನಮ್ಮ ಊರಿನವರು ತಪ್ಪದೆ ತಿಳಿದಿರಬೇಕಾದದ್ದು: ಕಂಪ್ಯೂಟರಿನ ಈ ಆಟ ತಾನಾಗಿ ಸೇವ್ ಆಗುವುದಿಲ್ಲ. ಒಂದು ಮೇ ತಿಂಗಳ ಸಂಜೆ ಎರಡೂವರೆ ಗಂಟೆ ಕಷ್ಟಪಟ್ಟು ಸೀಮಾತ್ ಎಂಬ ಸಣ್ಣ ಜಲನೌಕೆ ಕಟ್ಟಿ ಮೊದಲ ಸುತ್ತು ಹೊರಟಿದ್ದೆ. ಕರೆಂಟ್ ಹೋಯಿತು. ಮರಳಿ ಬಂದಾಗ ನೌಕೆಯೂ ಇಲ್ಲ, ಅದಕ್ಕೆ ಕೂಡಿಸಿದ ಟೈಟಾನಿಯಂ ಕೂಡ ಇಲ್ಲ. ಅಂದಿನಿಂದ ನೆಲೆಗೆ ಮರಳಿದಾಗಲೆಲ್ಲ ಸೇವ್ ಮಾಡುತ್ತೇನೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನವರು ಇದನ್ನು ಊಟದ ನಂತರ ಕೈ ತೊಳೆಯುವಷ್ಟು ಸಹಜ ಅಭ್ಯಾಸ ಮಾಡಿಕೊಳ್ಳಲಿ.

ಆಸ್ಟ್ರೊನೀರ್ ಸಣ್ಣ ಮಕ್ಕಳ ಆಟ ಎನ್ನುವವರು ಅದರ ಬಣ್ಣ ನೋಡಿ ಹಾಗೆನ್ನುತ್ತಾರೆ. ಸಿಯಾಟಲ್‌ನ ಸಿಸ್ಟಮ್ ಇರಾ ತಂಡ 2019ರ ಫೆಬ್ರವರಿಯಲ್ಲಿ ಇದರ ಪೂರ್ಣ ಆವೃತ್ತಿ ಹೊರತಂದಿತು. ಸಿಲ್ವಾದಿಂದ ಅಟ್ರಾಕ್ಸ್‌ವರೆಗೆ ಏಳೇ ಗ್ರಹ, ಉಪಗ್ರಹಗಳು. ಹಸಿವು ಬಾಯಾರಿಕೆಗಳ ತಾಪತ್ರಯವಿಲ್ಲ. ಎಣಿಸಬೇಕಾದದ್ದು ದಾರದ ಉದ್ದ. ನೆಲೆಯಿಂದ ಹೊರಟವರು ಗೂಟ ನೆಡುತ್ತ ಸಾಗಬೇಕು, ಗೂಟದಿಂದ ಗೂಟಕ್ಕೆ ಹೊಳೆಯುವ ದಾರದಲ್ಲಿ ಆಮ್ಲಜನಕ ಹರಿದು ಬರುತ್ತದೆ. ದಾರ ಮುಗಿದ ಮೇಲೆ ಬೆನ್ನಚೀಲದಲ್ಲಿರುವಷ್ಟೇ ಉಸಿರು. ಚಿತ್ರದುರ್ಗದಲ್ಲಿರುವ ನನ್ನ ತಂಗಿಯ ಮಗಳು ಏಳನೆಯ ತರಗತಿ. ಗುಹೆಯ ಆಳದಿಂದ ‘ದೊಡ್ಡಮ್ಮಾ, ಗೂಟ ಖಾಲಿಯಾಯಿತು, ನಾನು ಬರಲೇ, ಮುಂದೆ ಹೋಗಲೇ?’ ಎಂದು ಅವಳು ಕೇಳಿದಾಗ ಆಟ ತನ್ನ ಕೆಲಸ ಮಾಡಿತ್ತು. ಸತ್ತರೂ ಶಿಕ್ಷೆ ಕಡಿಮೆ: ನೆಲೆಯಲ್ಲಿ ಎದ್ದು, ಬಿದ್ದ ಜಾಗಕ್ಕೆ ಹೋಗಿ ಚೀಲ ತರಬಹುದು. ನೆಲವನ್ನು ಬೇಕಾದ ಹಾಗೆ ಕೊರೆಯಬಹುದು, ಗ್ರಹದ ಗರ್ಭದವರೆಗೂ.

ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಇದನ್ನು ಮೊದಲು ಹೇಳಲು ಇನ್ನೊಂದು ಕಾರಣ ಇದೆ. ಇಲ್ಲಿ ಹೆಸರಿಸುತ್ತಿರುವ ಯಾವ ಆಟವೂ ಕನ್ನಡದಲ್ಲಿಲ್ಲ. ಸಬ್‌ನಾಟಿಕಾದ ಕಥೆ ರೇಡಿಯೊ ಸಂದೇಶ, ಟಿಪ್ಪಣಿಗಳ ಮೂಲಕ ಇಂಗ್ಲಿಷಿನಲ್ಲಿ ಬರುತ್ತದೆ, ಓದದಿದ್ದರೆ ದಾರಿಯೇ ತಪ್ಪುತ್ತದೆ. ಆಸ್ಟ್ರೊನೀರ್‌ನಲ್ಲಿ ಓದಬೇಕಾದದ್ದು ತೀರ ಕಡಿಮೆ, ವಸ್ತುಗಳನ್ನು ಕಣ್ಣಿಂದ ಕಂಡು ಕೈಯಿಂದ ಜೋಡಿಸಿದರೆ ಅರ್ಥವಾಗುತ್ತದೆ. ನಾಲ್ವರು ಒಟ್ಟಿಗೆ ಆಡಬಹುದು. ವಿದ್ಯಾನಗರದ ನಮ್ಮ ಮನೆಯಲ್ಲಿ ಭಾನುವಾರ ನಾಲ್ಕು ಲ್ಯಾಪ್‌ಟಾಪ್, ನಡುವೆ ಒಂದು ಮೊರ ಮಂಡಕ್ಕಿ, ತಟ್ಟೆ ತುಂಬ ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ಹುಡುಗರು ಆಡುವುದು ಇದನ್ನೇ. ಒಬ್ಬರೇ ಆಡಿದರೆ ಇಪ್ಪತ್ತು ಗಂಟೆಯ ನಂತರ ಸಾಗಣೆಯ ಕೆಲಸ ಬೇಸರ ತರುತ್ತದೆ. ಗೆಳೆಯರಿಲ್ಲದೆ ಕೊಳ್ಳಬೇಡಿ.

ಇನ್ನು ದಿ ಪ್ಲಾನೆಟ್ ಕ್ರಾಫ್ಟರ್. ಇದರ ಬಗ್ಗೆ ನನಗೆ ಪಕ್ಷಪಾತ ಇದೆ. ಫ್ರಾನ್ಸಿನ ಮಿಜು ಗೇಮ್ಸ್ ಎಂಬ ತೀರ ಚಿಕ್ಕ ತಂಡ 2022ರ ಮಾರ್ಚ್‌ನಲ್ಲಿ ಅಪೂರ್ಣ ರೂಪದಲ್ಲಿ ಹೊರತಂದು, 2024ರ ಏಪ್ರಿಲ್‌ನಲ್ಲಿ ಪೂರ್ತಿಗೊಳಿಸಿತು. ನೀವು ಶಿಕ್ಷೆಗೊಳಗಾದ ಕೈದಿ, ಬರಡು ಗ್ರಹವೊಂದನ್ನು ಜೀವಯೋಗ್ಯ ಮಾಡುವುದೇ ಶಿಕ್ಷೆ. ಶುರುವಿನಲ್ಲಿ ಉಸಿರು, ನೀರು, ಅನ್ನ ಮೂರನ್ನೂ ಎಣಿಸಬೇಕು. ಶತ್ರು ಯಾರೂ ಇಲ್ಲ. ಯಂತ್ರಗಳನ್ನಿಟ್ಟು ಶಾಖ, ಒತ್ತಡ, ಆಮ್ಲಜನಕ ಹೆಚ್ಚಿಸುತ್ತ ಹೋಗುತ್ತೀರಿ. ಮೊದಲು ಆಕಾಶ ನೀಲಿಯಾಗುತ್ತದೆ. ಆಮೇಲೆ ಮೋಡ, ಆಮೇಲೆ ಮಳೆ, ತಗ್ಗಿನಲ್ಲಿ ನೀರು, ಕೆರೆ, ಪಾಚಿ, ಗಿಡ, ಮರ, ಹುಳು. ತರಗತಿಯಲ್ಲಿ ಮಂಗಳ ಗ್ರಹದ ವಾಯುಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ, ಅದಕ್ಕೇ ಅಲ್ಲಿ ನೀರು ನೀರಾಗಿ ನಿಲ್ಲುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಮುಟ್ಟದ ಮಾತು, ಈ ಆಟದಲ್ಲಿ ಒತ್ತಡ ಮತ್ತು ಶಾಖದ ಅಂಕಿ ಏರಿದ ಮೇಲಷ್ಟೇ ತಗ್ಗಿನಲ್ಲಿ ನೀರು ಕಂಡಾಗ ಮುಟ್ಟುತ್ತದೆ.

ಉಳಿದ ಆಟಗಳಲ್ಲಿ ಲೆಕ್ಕದಿಂದ ಪಾರಾಗುವುದು ನೀವೊಬ್ಬರೇ. ಇಲ್ಲಿ ಲೆಕ್ಕವೇ ಇಲ್ಲದಂತೆ ಜಗತ್ತು ಬದಲಾಗುತ್ತದೆ. ಒಂದು ದಿನ ಆಮ್ಲಜನಕದ ಸಿಲಿಂಡರೇ ಬೇಡವಾಗುತ್ತದೆ. ಬಯಲುಸೀಮೆಯವರಿಗೆ ಇದರ ರುಚಿ ಬೇರೆ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರದ ಕೋಡಿ ಬಿದ್ದಾಗ ಹಿರಿಯೂರಿಗೆ ಓಡಿದ ಜನರನ್ನು ನೆನೆಸಿಕೊಳ್ಳಿ. ಆಟದಲ್ಲಿ ಮೊದಲ ಹನಿ ಬಿದ್ದಾಗ ಅಡುಗೆಮನೆಯಿಂದ ಅಮ್ಮ, ‘ಮಳೆ ಬಂತೇ?’ ಎಂದು ಕೂಗಿ ಬಟ್ಟೆ ತೆಗೆಯಲು ಹೊರಟಿದ್ದರು. ಆಟಗಾರರ ದೂರು ಕೊನೆಯ ಭಾಗದ ಬಗ್ಗೆ: ಯಂತ್ರಗಳ ಮೇಲೆ ಯಂತ್ರ ಇಟ್ಟು ಅಂಕಿ ಏರುವುದನ್ನು ಕಾಯುವುದೇ ಹೆಚ್ಚು. ನಿಜ. ಪಾತ್ರಗಳ, ಪ್ರಾಣಿಗಳ ಚಲನೆಯೂ ಒರಟು. ದೊಡ್ಡ ತಂಡದ ಹೊಳಪನ್ನು ಬಯಸುವವರು ನಿರಾಶರಾಗಬಹುದು. ‘ಪ್ರೊಲಾಗ್’ ಎಂಬ ಉಚಿತ ಮುನ್ನೋಟ ಇದೆ, ಅದನ್ನು ಆಡಿ ತೀರ್ಮಾನಿಸಿ.

ಚಳ್ಳಕೆರೆ ಕಡೆಯ ಹುಡುಗನೊಬ್ಬ ಇವು ಯಾವುವೂ ಬೇಡ ಎಂದ. ಅವನ ಊರಿನ ಹತ್ತಿರವೇ, ಉಳ್ಳಾರ್ತಿ ಕಾವಲಿನಲ್ಲಿ, ಇಸ್ರೋ ಚಂದ್ರನ ಕುಳಿಗಳಂಥ ಗುಂಡಿಗಳನ್ನು ತೋಡಿ ಚಂದ್ರಯಾನ-2ರ ಉಪಕರಣಗಳನ್ನು ಪರೀಕ್ಷಿಸಿತ್ತು. 2024ರ ಜೂನ್ 23ರಂದು ಅಲ್ಲಿನ ಪರೀಕ್ಷಾ ವಲಯದಲ್ಲಿ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟ ಪುಷ್ಪಕ್ ಎಂಬ ಇಸ್ರೋದ ರೆಕ್ಕೆಯುಳ್ಳ ನೌಕೆ ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ರನ್‌ವೇ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ಆ ವೇಗವನ್ನು ನೂರರ ಆಸುಪಾಸಿಗೆ ಇಳಿಸಿತು. ‘ಇಳಿಯುವುದು ಕಷ್ಟವಾಗಿರಬೇಕು ಮೇಡಂ. ನೋ ಮ್ಯಾನ್ಸ್ ಸ್ಕೈಯಲ್ಲಿ ಒಂದು ಬಟನ್ ಒತ್ತಿದರೆ ನೌಕೆ ತಾನಾಗಿ ಕೂರುತ್ತದೆ.’ ಅವನು ಹೇಳಿದ್ದು ಸರಿ. ಆ ಆಟದಲ್ಲಿ ಗ್ರಹಗಳು ತಮ್ಮ ಸೂರ್ಯನ ಸುತ್ತ ಸುತ್ತುವುದೂ ಇಲ್ಲ. ಅವನಿಗೆ ನಾನು ಹೇಳಿದ್ದು ಪ್ರಾಗ್‌ನ ಕೀನ್ ಸಾಫ್ಟ್‌ವೇರ್ ಹೌಸ್‌ನ ಸ್ಪೇಸ್ ಇಂಜಿನಿಯರ್ಸ್. ನೌಕೆಯನ್ನು ತುಂಡು ತುಂಡಾಗಿ ನೀವೇ ಕಟ್ಟಬೇಕು. ಖಾಲಿಯಿದ್ದಾಗ ಸಲೀಸಾಗಿ ಇಳಿದ ನೌಕೆ, ಅದಿರು ತುಂಬಿದ ಮೇಲೆ ಮೇಲೇಳಲಾರದೆ ಅಲ್ಲೇ ಕೂರುತ್ತದೆ. ನೂಕುಬಲ ಮತ್ತು ತೂಕದ ಲೆಕ್ಕ ಅದು. ಕಲಿಯಲು ವಾರಗಳು ಬೇಕು, ಒಳ್ಳೆಯ ಕಂಪ್ಯೂಟರ್ ಬೇಕು. ಇಂಗ್ಲಿಷ್ ಚೆನ್ನಾಗಿ ಓದುವವರಿಗೆ ಔಟರ್ ವೈಲ್ಡ್ಸ್ ಎಂಬ ಇನ್ನೊಂದಿದೆ, 2020ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಅತ್ಯುತ್ತಮ ಆಟದ ಪ್ರಶಸ್ತಿ ಪಡೆದದ್ದು. ಗ್ರಹಗಳು ಗುರುತ್ವದ ನಿಯಮದಂತೆ ನಿಜವಾಗಿ ಸುತ್ತುತ್ತವೆ, 22 ನಿಮಿಷಕ್ಕೊಮ್ಮೆ ಎಲ್ಲವೂ ಮೊದಲಿನಿಂದ. ಬದುಕುಳಿಯುವ ಆಟವೆಂದು ಅದನ್ನು ಕರೆಯಲಾಗದು, ಅದರ ಬಗ್ಗೆ ಹೆಚ್ಚು ಹೇಳಿದರೆ ಆಡುವ ಸುಖ ಹೋಗುತ್ತದೆ.

ಯಂತ್ರದ ಮಾತು. ಆಸ್ಟ್ರೊನೀರ್‌ಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಅದರ ಮಾರಾಟದ ಪುಟವೇ ಹೇಳುತ್ತದೆ, ಅದಿಲ್ಲದ ಹಳೆಯ ಲ್ಯಾಪ್‌ಟಾಪ್‌ನವರು ನೋಡಿಕೊಂಡು ಕೊಳ್ಳಲಿ. ಸಬ್‌ನಾಟಿಕಾ ಕನಿಷ್ಠ 4 ಜಿಬಿ ಮೆಮೊರಿ ಕೇಳುತ್ತದೆ, 8 ಇದ್ದರೆ ನೆಮ್ಮದಿ. ನೋ ಮ್ಯಾನ್ಸ್ ಸ್ಕೈಗೆ ಕನಿಷ್ಠವೇ 8. ಇವೆರಡನ್ನೂ ಮೊಬೈಲ್ ಡೇಟಾದಲ್ಲಿ ಇಳಿಸಿಕೊಳ್ಳುವ ಸಾಹಸ ಬೇಡ, ಬ್ರಾಡ್‌ಬ್ಯಾಂಡ್ ಇರುವ ಗೆಳೆಯರ ಮನೆಗೆ ಹೋಗಿ. ಜೂನ್ ಕೊನೆ ಮತ್ತು ಡಿಸೆಂಬರ್ ಕೊನೆಯ ರಿಯಾಯಿತಿಯಲ್ಲಿ ಇವು ಆಗಾಗ ಅರ್ಧ ಬೆಲೆಗೆ ಬರುತ್ತವೆ, ದರ ರೂಪಾಯಿಯಲ್ಲೇ ಇರುತ್ತದೆ. ಹಾಸ್ಟೆಲಿನಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹರಿದಾಡುವ ಕಳ್ಳ ಪ್ರತಿಗಳಿಂದ ದೂರ ಇರಿ. ಮಾಡಿದವರ ದುಡಿಮೆಗೆ ಅನ್ಯಾಯ ಅದು, ನಿಮಗೂ ನಷ್ಟ: ಅಪ್‌ಡೇಟ್ ಬರುವುದಿಲ್ಲ. ಆಗ ಜನ ಬೈದ ಹಳೆಯ ನೋ ಮ್ಯಾನ್ಸ್ ಸ್ಕೈಯೇ ನಿಮ್ಮ ಪಾಲಿಗೆ ಉಳಿಯುತ್ತದೆ.

ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆಗಳನ್ನು ಪರೀಕ್ಷೆಯಂತೆ ಬಳಸಿ. ನೋ ಮ್ಯಾನ್ಸ್ ಸ್ಕೈಯಲ್ಲಿ ನೌಕೆ ರಿಪೇರಿಯಾಗಿ ಮೊದಲ ಸಲ ಮೋಡ ದಾಟಿ ಕಪ್ಪು ಆಕಾಶ ಸೇರಿದಾಗ, ಎದುರಿನ ಇನ್ನೊಂದು ಗ್ರಹಕ್ಕೆ ಹೋಗಲೇಬೇಕು ಎನ್ನಿಸದಿದ್ದರೆ ಅದು ನಿಮ್ಮದಲ್ಲ. ಸಬ್‌ನಾಟಿಕಾದಲ್ಲಿ ಕತ್ತಲಾದ ಮೇಲೆ ಒಮ್ಮೆ ಇಳಿಯಿರಿ. ಹೆದರಿಕೆಯ ಜೊತೆ ಕುತೂಹಲವೂ ಬಂದರೆ ಇಟ್ಟುಕೊಳ್ಳಿ, ಬರೀ ಹೆದರಿಕೆ ಬಂದರೆ ಹಿಂದಿರುಗಿಸಿ. ಆಸ್ಟ್ರೊನೀರ್‌ಗೆ ಗೆಳೆಯರು ಬರುತ್ತಾರೋ ಇಲ್ಲವೋ ನೋಡಿ, ಅಷ್ಟೇ. ಪ್ಲಾನೆಟ್ ಕ್ರಾಫ್ಟರ್‌ನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ನನಗೆ ಆಕಾಶ ನೀಲಿಯಾದದ್ದು ಮೂರನೆಯ ಗಂಟೆಗೆ, ಅದಕ್ಕೆ ಮೊದಲು ಬರೀ ಕೆಮ್ಮಣ್ಣು, ಕಲ್ಲು, ಯಂತ್ರದ ಗುಂಯ್ ಸದ್ದು. ಆ ಮೂರು ಗಂಟೆ ಕಾಯುತ್ತೇನೆ ಎನ್ನುವವರು ಮಾತ್ರ ಅದನ್ನು ಕೊಳ್ಳಲಿ.